ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ: ಕಾರಿನ ಆಟೋ ಎಸಿ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳೆಲ್ಲ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್, ಅಂದರೆ ಬೇಕಾದ ಡಿಗ್ರಿ ಇಟ್ಟರೆ ಉಳಿದದ್ದನ್ನು ತಾನೇ ನೋಡಿಕೊಳ್ಳುವ ಆಟೋ ಎಸಿ ಬಗ್ಗೆಯೇ. ಅವುಗಳಲ್ಲಿ ಬಹುಪಾಲು ‘ಗ್ಯಾಸ್ ಹಾಕಿಸಿದೆವು, ಆದರೂ ಸರಿಹೋಗಲಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಗುಂಡಿ ತಿರುಗಿಸುವ ಹಳೆಯ ಎಸಿಯಲ್ಲಿ ತಂಪು ಕಮ್ಮಿಯಾದರೆ ಗ್ಯಾಸಿನ ಮೇಲೆ ಅನುಮಾನ ಪಡುವುದು ಸಹಜ. ಆಟೋ ಎಸಿಯಲ್ಲಿ ನಡುವೆ ಒಂದು ಕಂಪ್ಯೂಟರ್ ಕೂತಿದೆ. ಅದಕ್ಕೆ ತಪ್ಪು ಮಾಹಿತಿ ಹೋದರೆ ಗ್ಯಾಸ್ ಎಷ್ಟಿದ್ದರೂ ಸೆಕೆ ತಪ್ಪದು. ಅದಕ್ಕೇ ಮೊದಲು ಸೆನ್ಸರ್, ಆಮೇಲೆ ಗಾಳಿಯ ದಾರಿ ತಿರುಗಿಸುವ ಫ್ಲಾಪ್, ಗ್ಯಾಸಿನ ಮಾತು ಅದರ ನಂತರ.

ಪ್ರಶ್ನೆ: ನಮ್ಮದು ಆರು ವರ್ಷದ ಸೆಡಾನ್. 24ಕ್ಕೆ ಇಟ್ಟು ಆಟೋ ಒತ್ತಿದರೆ ಮೊದಲ ಹತ್ತು ನಿಮಿಷ ಚೆನ್ನಾಗಿ ತಂಪು ಬರುತ್ತದೆ. ಆಮೇಲೆ ಗಾಳಿ ಬೆಚ್ಚಗಾಗುತ್ತದೆ, ಬ್ಲೋವರ್ ಕೂಡ ತಾನಾಗಿಯೇ ಇಳಿಯುತ್ತದೆ. ಪೂರ್ತಿ ಕೆಳಗೆ ‘ಲೋ’ಗೆ ಇಳಿಸಿದರೆ ನಡುಗುವಷ್ಟು ತಂಪು. ಈ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ಹಾಕಿಸಿದ್ದಾಯಿತು. ಈಗ ಕಂಪ್ರೆಸರ್ ಬದಲಿಸಿ ಎನ್ನುತ್ತಿದ್ದಾರೆ. – ಓದುಗರು, ಕಲಬುರಗಿ

ಉತ್ತರ: ಸದ್ಯಕ್ಕೆ ಕಂಪ್ರೆಸರ್ ಬದಲಿಸಬೇಡಿ. ಅದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ‘ಲೋ’ಗೆ ಇಳಿಸಿದಾಗ ಕಂಪ್ಯೂಟರ್ ಕ್ಯಾಬಿನ್ ಸೆನ್ಸರ್‌ಗಳ ಮಾತು ಕೇಳುವುದನ್ನು ಬಿಟ್ಟು, ಹೀಟರ್ ಕಡೆಯ ಫ್ಲಾಪ್ ಪೂರ್ತಿ ಮುಚ್ಚಿ, ಇದ್ದಷ್ಟು ತಂಪನ್ನೆಲ್ಲ ಹೊರಗೆ ಬಿಡುತ್ತದೆ. ಆಗ ತಂಪು ಬರುತ್ತದೆ ಎಂದರೆ ಗ್ಯಾಸ್, ಅದನ್ನು ಒತ್ತುವ ಕಂಪ್ರೆಸರ್, ಅದರ ಬಿಸಿ ಹೊರಹಾಕುವ ಕಂಡೆನ್ಸರ್ ಮೂರೂ ತಮ್ಮ ಕೆಲಸ ಮಾಡುತ್ತಿವೆ. ಅನುಮಾನ ಉಳಿದಿದ್ದರೆ ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರಿನ ಕಡ್ಡಿಯನ್ನು ನಡುವಿನ ವೆಂಟ್‌ನೊಳಗೆ ತೂರಿಸಿ, ರೀಸರ್ಕ್ಯುಲೇಶನ್ (ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸುವ ಬಟನ್) ಹಾಕಿ, ಎಂಜಿನ್ 1500 ಆರ್‌ಪಿಎಂನಲ್ಲಿ ಐದು ನಿಮಿಷ ಓಡಿಸಿ. ಹೊರಗೆ 35 ಡಿಗ್ರಿ ಇದ್ದರೂ ವೆಂಟಿನ ಗಾಳಿ 5ರಿಂದ 10 ಡಿಗ್ರಿಯೊಳಗೆ ಬರಬೇಕು.

24ಕ್ಕೆ ಇಟ್ಟಾಗ ಮಾತ್ರ ತೊಂದರೆ ಎಂದರೆ, ಕ್ಯಾಬಿನ್ ಆಗಲೇ ತಣ್ಣಗಾಗಿದೆ ಎಂದು ಕಂಪ್ಯೂಟರ್ ನಂಬಿದೆ. ಹಾಗೆ ನಂಬಿಸುವುದು ಕ್ಯಾಬಿನ್ ಸೆನ್ಸರ್. ಸ್ಟೀರಿಂಗ್ ಪಕ್ಕದಲ್ಲೋ ಎಸಿ ಪ್ಯಾನೆಲ್ಲಿನ ಹತ್ತಿರವೋ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಸಣ್ಣ ಜಾಲರಿ ಕಾಣುತ್ತದೆ, ಸೆನ್ಸರ್ ಅದರ ಹಿಂದೆ ಇರುತ್ತದೆ. ಕ್ಯಾಬಿನ್ನಿನ ಗಾಳಿ ಸದಾ ಅದರ ಮೇಲೆ ಹಾಯಬೇಕು. ಕೆಲವು ಕಾರುಗಳಲ್ಲಿ ಒಂದು ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ, ಉಳಿದವುಗಳಲ್ಲಿ ಡ್ಯಾಶ್‌ಬೋರ್ಡ್ ಒಳಗಿನ ಎಸಿ ಡಬ್ಬಕ್ಕೆ ಜೋಡಿಸಿದ ತೆಳ್ಳನೆಯ ಪೈಪ್ ಆ ಕೆಲಸ ಮಾಡುತ್ತದೆ. ಬ್ಲೋವರ್ ಜೋರಾಗಿಟ್ಟು, ಟಿಶ್ಯೂ ಪೇಪರಿನ ಒಂದು ಪದರವನ್ನು ಎರಡು ಬೆರಳಗಲ ಹರಿದು ಜಾಲರಿಗೆ ಹಿಡಿಯಿರಿ. ಅಂಟಿಕೊಂಡರೆ ಗಾಳಿ ಹೋಗುತ್ತಿದೆ. ಉದುರಿದರೆ ಜಾಲರಿಯಲ್ಲಿ ಧೂಳು ಕಟ್ಟಿದೆ, ಫ್ಯಾನ್ ನಿಂತಿದೆ ಅಥವಾ ಪೈಪ್ ಕಳಚಿದೆ. ಹೊಸ ಆಂಡ್ರಾಯ್ಡ್ ಸ್ಕ್ರೀನ್ ಕೂರಿಸಲು ಡ್ಯಾಶ್‌ಬೋರ್ಡ್ ಬಿಚ್ಚಿದವರು ಈ ಪೈಪನ್ನು ಮತ್ತೆ ಸಿಕ್ಕಿಸದೆ ಬಿಡುವುದು ತೀರಾ ಸಾಮಾನ್ಯ. ಸ್ಕ್ರೀನ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲು ಅಲ್ಲೇ ನೋಡಿ.

ಗಾಳಿ ಎಳೆಯುವುದು ನಿಂತರೆ ಸೆನ್ಸರ್ ಡ್ಯಾಶ್‌ಬೋರ್ಡಿನ ಒಳಗಿನ ಗಾಳಿಯನ್ನೇ ಅಳೆಯುತ್ತದೆ. ಆ ಗಾಳಿ ಬಿಸಿಯಾಗಿದ್ದರೆ ಎಸಿ ನಿಲ್ಲದೆ ಓಡಿ ಅತಿಯಾಗಿ ತಂಪಾಗುತ್ತದೆ. ಪಕ್ಕದ ಡಕ್ಟಿನ ಸಂದಿನಿಂದ ತಣ್ಣನೆ ಗಾಳಿ ಸೋರುತ್ತಿದ್ದರೆ ನಿಮಗೆ ಆಗಿರುವ ಹಾಗೆ ಉಲ್ಟಾ ಆಗುತ್ತದೆ. ಏನನ್ನೂ ಬಿಚ್ಚುವ ಮುಂಚೆ ಇನ್ನೊಂದನ್ನು ಗಮನಿಸಿ: ವೆಂಟಿಗೆ ಮೊಬೈಲ್ ಹೋಲ್ಡರ್ ಸಿಕ್ಕಿಸಿದ್ದೀರಾ? ಫೋನಿನ ಬೆನ್ನಿಗೆ ಬಡಿದ ತಣ್ಣನೆ ಗಾಳಿ ನೇರ ಜಾಲರಿಗೆ ತಿರುಗಿದರೂ ಇದೇ ಲಕ್ಷಣ. ಹೋಲ್ಡರ್ ತೆಗೆದು ಒಂದು ದಿನ ಓಡಿಸಿ ನೋಡಲು ಖರ್ಚೇನೂ ಇಲ್ಲ.

ಇದಿಷ್ಟೂ ಸರಿಯಿದ್ದರೆ ಸೆನ್ಸರ್ ಹೊರತೆಗೆದು ಮಲ್ಟಿಮೀಟರ್ ಹಿಡಿಯಿರಿ. ಅದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಥರ್ಮಿಸ್ಟರ್. ಟೊಯೊಟಾದ ಅನೇಕ ಕಾರುಗಳಲ್ಲಿ 25 ಡಿಗ್ರಿಗೆ ಸುಮಾರು 1.7 ಕಿಲೋ ಓಮ್ ತೋರಿಸುತ್ತದೆ. ಬೇರೆ ಕಂಪನಿಗಳ ಲೆಕ್ಕ ಬೇರೆ, ಹಾಗಾಗಿ ಅಂಕಿಗಿಂತ ನಡತೆ ಮುಖ್ಯ. ಎರಡು ಬೆರಳ ನಡುವೆ ಹಿಡಿದು ಬಿಸಿ ಕೊಟ್ಟರೆ ರೀಡಿಂಗ್ ನಿಧಾನಕ್ಕೆ, ಒಂದೇ ಸಮನೆ ಇಳಿಯಬೇಕು. ಜಿಗಿದಾಡಿದರೆ ಸೆನ್ಸರ್ ಹೋಗಿದೆ. ಕನೆಕ್ಟರಿನ ಪಿನ್ನುಗಳನ್ನೂ ನೋಡಿ. ಹಸಿರು ಕಿಲುಬು ಹಿಡಿದ ಪಿನ್ ರೆಸಿಸ್ಟೆನ್ಸ್ ಹೆಚ್ಚಿಸುತ್ತದೆ, ಹೆಚ್ಚಿದ ರೆಸಿಸ್ಟೆನ್ಸ್ ಕಂಪ್ಯೂಟರಿಗೆ ‘ಚಳಿ’ ಎಂದೇ ಕಾಣುತ್ತದೆ. ಧೂಳಿಗೆ ಮೆತ್ತನೆಯ ಬ್ರಷ್ ಸಾಕು. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ.

ಪ್ರಶ್ನೆ: ಬೆಳಗ್ಗೆ, ರಾತ್ರಿ ಎಸಿ ಸರಿಯಾಗಿರುತ್ತದೆ. ಮಧ್ಯಾಹ್ನ ಬಿಸಿಲು ಮುಖಕ್ಕೆ ಹೊಡೆಯುವಾಗ ಮಾತ್ರ ಬ್ಲೋವರ್ ಏರುವುದೇ ಇಲ್ಲ, ನಾವೇ ಹೆಚ್ಚಿಸಬೇಕು. – ಓದುಗರು, ವಿಜಯಪುರ

ಉತ್ತರ: ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಎಲ್ಲಿದ್ದಾನೆ ನೋಡಿ. ಮುಂದಿನ ಗಾಜಿನ ಬುಡದಲ್ಲಿ ಶರ್ಟಿನ ಗುಂಡಿಯಷ್ಟು ದೊಡ್ಡದೊಂದು ಕಪ್ಪು ಉಬ್ಬು ಇರುತ್ತದೆ. ಅದು ಬಿಸಿಲಿನ ಸೆನ್ಸರ್. ಮೈಮೇಲೆ ಬಿಸಿಲು ಬಿದ್ದಾಗ ಕ್ಯಾಬಿನ್ ಉಷ್ಣಾಂಶ ಏರುವ ಮೊದಲೇ ಬ್ಲೋವರ್ ಹೆಚ್ಚಿಸಿ, ಗಾಳಿ ಇನ್ನಷ್ಟು ತಣ್ಣಗೆ ಮಾಡಲು ಕಂಪ್ಯೂಟರಿಗೆ ಅದೇ ಆಧಾರ. ವಿಗ್ರಹ, ವೆಲ್ವೆಟ್ ಮ್ಯಾಟ್, ಸುಗಂಧದ ಬಾಟಲಿ ಅದರ ಮೇಲೆ ಕೂತರೆ ಕಂಪ್ಯೂಟರಿಗೆ ಸದಾ ಸಂಜೆ. ವಿಗ್ರಹವನ್ನು ನಾಲ್ಕು ಇಂಚು ಪಕ್ಕಕ್ಕೆ ಸರಿಸಿ, ಮ್ಯಾಟಿಗೆ ಅಲ್ಲಿ ಕಿಂಡಿ ಕತ್ತರಿಸಿ. ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ತಾನಾಗಿ ಉರಿಯುವ ಸೆನ್ಸರ್ ಕೂಡ ಇದರ ಜೊತೆಗೇ ಇರುತ್ತದೆ. ಹಾಡಹಗಲೇ ಹೆಡ್‌ಲೈಟ್ ಉರಿಯುತ್ತಿದ್ದರೆ ಎರಡಕ್ಕೂ ಕಾರಣ ಒಂದೇ.

ಟೊಯೊಟಾದ ಅನೇಕ ಕಾರುಗಳಲ್ಲಿ ಇದನ್ನೆಲ್ಲ ಸ್ಕ್ಯಾನರ್ ಇಲ್ಲದೆಯೂ ಪರೀಕ್ಷಿಸಬಹುದು. ಆಟೋ ಮತ್ತು ರೀಸರ್ಕ್ಯುಲೇಶನ್ ಬಟನ್ ಎರಡನ್ನೂ ಒತ್ತಿ ಹಿಡಿದು ಇಗ್ನಿಶನ್ ಆನ್ ಮಾಡಿ. ಪ್ಯಾನೆಲ್ಲಿನ ದೀಪಗಳು ಮಿನುಗಿ, ಆಮೇಲೆ ಕೋಡ್ ಬರುತ್ತದೆ. 00 ಎಂದರೆ ದೋಷವಿಲ್ಲ, 11 ಕ್ಯಾಬಿನ್ ಸೆನ್ಸರ್, 12 ಹೊರಗಿನ ಸೆನ್ಸರ್, 13 ಗಾಳಿಯನ್ನು ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ಲಿನ ಸೆನ್ಸರ್, 21 ಬಿಸಿಲಿನ ಸೆನ್ಸರ್. ಶೆಡ್ಡಿನ ಕತ್ತಲಲ್ಲಿ ನೋಡಿದರೆ 21 ಬಂದೇ ಬರುತ್ತದೆ. ಅದನ್ನು ನೋಡಿ ಸೆನ್ಸರ್ ಕೊಳ್ಳಲು ಓಡಬೇಡಿ, ಕಾರನ್ನು ಬಿಸಿಲಿಗೆ ತಂದು ಮತ್ತೆ ನೋಡಿ.

ಪ್ರಶ್ನೆ: ಬಂಪರಿಗೆ ಸಣ್ಣ ಏಟು ಬಿದ್ದು ಬಣ್ಣ ಮಾಡಿಸಿದೆವು. ಅಂದಿನಿಂದ ಹೊರಗಿನ ಉಷ್ಣಾಂಶ ಮೈನಸ್ 40 ತೋರಿಸುತ್ತಿದೆ, ಎಸಿ ಆನ್ ಆಗುವುದಿಲ್ಲ. ಎರಡಕ್ಕೂ ಸಂಬಂಧ ಇದೆಯೇ? – ಓದುಗರು, ತುಮಕೂರು

ಉತ್ತರ: ನೇರ ಸಂಬಂಧ ಇದೆ. ಹೊರಗಿನ ಉಷ್ಣಾಂಶದ ಸೆನ್ಸರ್ ಮುಂದಿನ ಬಂಪರಿನ ಹಿಂದೆ ಒಂದು ಕ್ಲಿಪ್ಪಿನಲ್ಲಿ ನೇತಾಡುತ್ತಿರುತ್ತದೆ. ಬಂಪರ್ ಬಿಚ್ಚಿದವರು ಪ್ಲಗ್ ತೆಗೆದು ಮತ್ತೆ ಹಾಕಿಲ್ಲ, ಇಲ್ಲವೇ ವೈರ್ ತುಂಡಾಗಿದೆ. ಸರ್ಕ್ಯೂಟ್ ತೆರೆದುಕೊಂಡರೆ ಕಂಪ್ಯೂಟರ್ ಅದನ್ನು ವಿಪರೀತ ಚಳಿ ಎಂದು ಓದುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇದ್ದರೆ ಕಂಪ್ರೆಸರ್ ಓಡಿಸದಿರುವುದು ಅನೇಕ ಕಾರುಗಳ ನಿಯಮ. ತುಮಕೂರಿನಲ್ಲಿ ಕೂತು ನಿಮ್ಮ ಕಾರು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ.

ಮೊದಲು ಪ್ಲಗ್ ಸಿಕ್ಕಿಸಿ. ಆದರೂ ಸರಿಹೋಗದಿದ್ದರೆ ಪ್ಲಗ್ ತೆಗೆದು, ವೈರಿನ ಕಡೆಯ ಎರಡು ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಇಗ್ನಿಶನ್ ಆನ್ ಮಾಡಿ. ರೀಡಿಂಗ್ ಮೈನಸ್ಸಿನಿಂದ ಮೇಲಿನ ತುದಿಗೆ ಹಾರಿದರೆ ವೈರಿಂಗ್ ಮತ್ತು ಕಂಪ್ಯೂಟರ್ ಸರಿಯಿವೆ, ಸೆನ್ಸರ್ ಬದಲಿಸಿ. ಹಾರದಿದ್ದರೆ ವೈರ್ ಹುಡುಕಿ. ಸೆನ್ಸರ್ ಹಾಕಿದ ತಕ್ಷಣ ಪರದೆಯ ಅಂಕಿ ಬದಲಾಗದೆ ಇರಬಹುದು. ನಿಂತ ಕಾರಿನಲ್ಲಿ ಎಂಜಿನ್ ಬಿಸಿ ತಪ್ಪುದಾರಿಗೆ ಎಳೆಯದಿರಲಿ ಎಂದು ಅನೇಕ ಕಾರುಗಳ ಕಂಪ್ಯೂಟರ್ ಹಳೆಯ ಅಂಕಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ಕಿಲೋಮೀಟರ್ ಓಡಿಸಿದ ಮೇಲೆ ನೋಡಿ. ಹಾಗೆ ಹಿಡಿದಿಡದ ಕಾರು ಟ್ರಾಫಿಕ್ಕಿನಲ್ಲಿ ನಿಂತಾಗ 45 ತೋರಿಸಿ, ಹೈವೇ ಹತ್ತಿದ ಮೇಲೆ 33ಕ್ಕೆ ಇಳಿದರೆ ಅದು ದೋಷವಲ್ಲ.

ಪ್ರಶ್ನೆ: ಡ್ಯುಯಲ್ ಜೋನ್ ಎಸಿ. ಗಾಡಿ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗಿನಿಂದ ಟಕ ಟಕ ಎಂದು ಹದಿನೈದು ಸೆಕೆಂಡ್ ಸದ್ದು ಬರುತ್ತದೆ. ನನ್ನ ಕಡೆ ತಂಪು, ಎಡಗಡೆ ಕೂತವರಿಗೆ ಬಿಸಿ ಗಾಳಿ. – ಓದುಗರು, ಮೈಸೂರು

ಉತ್ತರ: ಎಡಗಡೆಯ ಫ್ಲಾಪ್ ತಿರುಗಿಸುವ ಮೋಟಾರಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿದೆ. ಎಂಜಿನ್ನಿನ ಬಿಸಿ ಕೂಲೆಂಟ್ ಹರಿಯುವ ಹೀಟರ್ ಕೋರ್ ಎಸಿ ಡಬ್ಬದೊಳಗೆ ಕೂಲಿಂಗ್ ಕಾಯಿಲ್ಲಿನ ಪಕ್ಕದಲ್ಲೇ ಇರುತ್ತದೆ. ಗಾಳಿ ಎಷ್ಟು ಪಾಲು ಹೀಟರ್ ಮೂಲಕ ಹಾಯಬೇಕು ಎಂದು ನಿರ್ಧರಿಸುವುದು ಮಿಕ್ಸಿಂಗ್ ಫ್ಲಾಪ್. ಡ್ಯುಯಲ್ ಜೋನ್ ಎಂದರೆ ಅಂಥ ಎರಡು ಫ್ಲಾಪ್, ಎರಡು ಮೋಟಾರ್. ಮೋಟಾರ್ ತಿರುಗುತ್ತದೆ, ಮುರಿದ ಹಲ್ಲಿನ ಜಾಗದಲ್ಲಿ ಜಾರುತ್ತದೆ, ಫ್ಲಾಪ್ ಅಲ್ಲಾಡುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಹೊತ್ತು ಪ್ರಯತ್ನಿಸಿ ಕೈಬಿಡುತ್ತದೆ. ನೀವು ಕೇಳುವ ಹದಿನೈದು ಸೆಕೆಂಡ್ ಅದೇ.

ಆದರೂ ಒಂದು ಪರೀಕ್ಷೆ ಬಾಕಿ ಇದೆ. ಗ್ಯಾಸ್ ಕಮ್ಮಿಯಾದರೂ ಎಡ ಬಲ ವ್ಯತ್ಯಾಸ ಬರುತ್ತದೆ, ಏಕೆಂದರೆ ಕೂಲಿಂಗ್ ಕಾಯಿಲ್ ಒಂದು ಬದಿ ಮಾತ್ರ ತಣ್ಣಗಾಗುತ್ತದೆ. ಎರಡೂ ಕಡೆ ‘ಲೋ’ ಇಟ್ಟು ಥರ್ಮಾಮೀಟರ್ ಹಿಡಿಯಿರಿ. ಒಂದು ಕಡೆ 8, ಇನ್ನೊಂದು ಕಡೆ 15 ಬಂದರೆ ಗ್ಯಾಸಿನ ಮೇಲೆ ಅನುಮಾನ. ಒಂದು ಕಡೆ ಸುಡುವ ಗಾಳಿಯೇ ಬರುತ್ತಿದ್ದರೆ ಫ್ಲಾಪ್ ಹೀಟರ್ ಕಡೆಗೆ ತೆರೆದು ನಿಂತಿದೆ, ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ.

ಮೋಟಾರ್ ಎರಡು ಮೂರು ಸಣ್ಣ ಸ್ಕ್ರೂಗಳಲ್ಲಿ ನಿಂತಿರುತ್ತದೆ. ಎಡಗಡೆಯದು ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ತೆಗೆದರೆ ಕೈಗೆ ಸಿಗುತ್ತದೆ. ಬಿಚ್ಚುವ ಮೊದಲು ಫ್ಲಾಪಿನ ಶಾಫ್ಟ್ ಯಾವ ಕೋನದಲ್ಲಿದೆ ಎಂದು ಫೋಟೊ ತೆಗೆದುಕೊಳ್ಳಿ. ಮೋಟಾರ್ ಹೊರಬಂದ ಮೇಲೆ ಮಾಡಲೇಬೇಕಾದ ಕೆಲಸ ಒಂದಿದೆ, ಅವಸರದಲ್ಲಿ ಬಹಳ ಜನ ಬಿಡುವುದೂ ಅದನ್ನೇ: ಶಾಫ್ಟನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿ ಹಿಡಿದರೆ ಒಳಗೆ ಪೆನ್ನೋ ನಾಣ್ಯವೋ ಪಾರ್ಕಿಂಗ್ ಚೀಟಿಯೋ ಸಿಕ್ಕಿಕೊಂಡಿದೆ. ಗಾಜಿನ ಬುಡದ ಡಿಫ್ರಾಸ್ಟ್ ಕಿಂಡಿಯೊಳಗೆ ಬಿದ್ದದ್ದೆಲ್ಲ ಹೋಗಿ ಸೇರುವುದು ಅಲ್ಲಿಗೇ. ಅದನ್ನು ತೆಗೆಯದೆ ಹೊಸ ಮೋಟಾರ್ ಹಾಕಿದರೆ ಅದರ ಹಲ್ಲೂ ಮುರಿಯುತ್ತದೆ.

ಐದು ವೈರಿನ ಮೋಟಾರ್ ಆಗಿದ್ದರೆ ಎರಡು ಮೋಟಾರಿಗೆ, ಮೂರು ಸ್ಥಾನ ತಿಳಿಸುವ ಪೊಟೆನ್ಶಿಯೋಮೀಟರಿಗೆ. ಫ್ಲಾಪ್ ತಿರುಗಿದಂತೆ ನಡುವಿನ ವೈರಿನ ವೋಲ್ಟೇಜ್ ಸುಮಾರು 0.5ರಿಂದ 4.5ರ ನಡುವೆ ಒಂದೇ ಸಮನೆ ಬದಲಾಗಬೇಕು. ಒಳಗೇ ಚಿಪ್ ಇರುವ ಮೂರು ವೈರಿನ ಮೋಟಾರಿಗೆ ಬ್ಯಾಟರಿ ನೇರ ಕೊಟ್ಟು ತಿರುಗಿಸಲು ಹೋಗಬೇಡಿ, ಸುಟ್ಟುಹೋಗುತ್ತದೆ. ಹೊಸದು ಹಾಕಿದ ಮೇಲೆ ಇಗ್ನಿಶನ್ ಆನ್ ಮಾಡಿ ಎಸಿ ಪ್ಯಾನೆಲ್ ಮುಟ್ಟದೆ ಎರಡು ನಿಮಿಷ ಬಿಡಿ. ಅನೇಕ ಕಾರುಗಳು ಆಗ ಫ್ಲಾಪಿನ ಎರಡೂ ತುದಿಗಳನ್ನು ತಾವೇ ಕಲಿತುಕೊಳ್ಳುತ್ತವೆ. ಉಳಿದವಕ್ಕೆ ಸ್ಕ್ಯಾನರಿನಿಂದ ಕ್ಯಾಲಿಬ್ರೇಶನ್ ಮಾಡಿಸಬೇಕು. ಸದ್ದಿಲ್ಲದೆ, ಬರೀ ಬ್ಯಾಟರಿ ಬದಲಿಸಿದ ಮೇಲೆ ಶುರುವಾದ ತೊಂದರೆಯಾಗಿದ್ದರೆ ಈ ಕ್ಯಾಲಿಬ್ರೇಶನ್ ಒಂದೇ ಸಾಕಾಗಬಹುದು.

ಪ್ರಶ್ನೆ: ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸುತ್ತೇವೆ, ಮೂರ್ನಾಲ್ಕು ತಿಂಗಳು ತಂಪು ಇರುತ್ತದೆ. ಈ ಸಲ ಬೇರೆ ಗ್ಯಾರೇಜಿಗೆ ಹೋದರೆ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ತೆಗೆದು (ವ್ಯಾಕ್ಯೂಮ್ ಎಳೆದು) ‘ಮೀಟರ್ 27 ದಾಟುತ್ತಿಲ್ಲ, 29 ಬರಬೇಕಿತ್ತು, ಎಲ್ಲೋ ಲೀಕ್ ಇದೆ’ ಎಂದು ಕೂಲಿಂಗ್ ಕಾಯಿಲ್ ಬದಲಿಸಲು ಹೇಳಿದರು. ಒಪ್ಪಬಹುದೇ? – ಓದುಗರು, ಬೆಂಗಳೂರು

ಉತ್ತರ: ಲೀಕ್ ಇರುವುದು ನಿಜ, ಆದರೆ ಅವರು ತೋರಿಸಿದ ಆಧಾರ ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ವಾತಾವರಣದ ಒತ್ತಡವೇ ಸುಮಾರು 27 ಇಂಚು ಪಾದರಸದಷ್ಟು. ಎಂಥ ಒಳ್ಳೆಯ ಪಂಪ್ ತಂದರೂ ಗೇಜು 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. 29 ಬರುವುದು ಮಂಗಳೂರು, ಕಾರವಾರದಂಥ ಕಡಲತೀರದ ಊರುಗಳಲ್ಲಿ. ಲೀಕ್ ತಿಳಿಯುವುದು ಮುಳ್ಳು ಎಲ್ಲಿ ನಿಂತಿತು ಎಂಬುದರಿಂದಲ್ಲ, ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿದ ಮೇಲೆ ಅದು ಸರಿಯುತ್ತದೆಯೇ ಎಂಬುದರಿಂದ. 30ರಿಂದ 45 ನಿಮಿಷ ಎಳೆದು, ಮುಚ್ಚಿ, ಹದಿನೈದು ನಿಮಿಷ ಮುಳ್ಳನ್ನು ನೋಡುತ್ತಾ ನಿಲ್ಲಬೇಕು.

ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ರಬ್ಬರ್ ಪೈಪು, ಕಂಪ್ರೆಸರ್ ಸೀಲುಗಳಿಂದ ವರ್ಷಗಳ ಮೇಲೆ ಅಷ್ಟಿಷ್ಟು ಹೋಗುತ್ತದೆ, ಅಷ್ಟೇ. ಪ್ರತಿ ವರ್ಷ ಖಾಲಿಯಾಗುತ್ತಿದ್ದರೆ ಲೀಕನ್ನು ಹುಡುಕಬೇಕು. ಸರಿಯಾದ ಕ್ರಮ ಇದು: ಉಳಿದ ಗ್ಯಾಸನ್ನು ಮೆಶಿನ್ನಿಗೆ ಎಳೆದುಕೊಂಡು, ಒಣ ನೈಟ್ರೋಜನ್ ಸುಮಾರು 150 ಪಿಎಸ್ಐಗೆ ತುಂಬಿ, ಸೋಪಿನ ನೊರೆಯಿಂದ ಜಾಯಿಂಟುಗಳನ್ನು ನೋಡುವುದು. ಟೈರಿಗೆ ಹೊಡೆಯುವ ಕಂಪ್ರೆಸರ್ ಗಾಳಿ ಬೇಡ, ಅದರ ತೇವ ಒಳಗೆ ಉಳಿಯುತ್ತದೆ. ಆಕ್ಸಿಜನ್ ಅಂತೂ ಎಣ್ಣೆಯೊಡನೆ ಸೇರಿ ಸಿಡಿಯಬಹುದು. ಹುಡುಕುವ ಜಾಗಗಳು: ಕಲ್ಲೇಟು ತಿನ್ನುವ ಕಂಡೆನ್ಸರಿನ ಮುಖ, ಪೈಪ್ ಜಾಯಿಂಟಿನ ಓ ರಿಂಗ್, ಕಂಪ್ರೆಸರ್ ಶಾಫ್ಟಿನ ಸೀಲ್, ಗ್ಯಾಸ್ ತುಂಬುವ ವಾಲ್ವ್. ಆ ವಾಲ್ವಿನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋದ ಕಾರುಗಳು ಎಷ್ಟೋ. ಎಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿದೆಯೋ ಅಲ್ಲಿ ಸೋರಿದೆ, ಏಕೆಂದರೆ ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುತ್ತದೆ. ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗಿದೆ, ನೊರೆ ಹಾಕಲಾಗದು. ಅದಕ್ಕೆ ಗ್ಯಾಸ್ ಇರುವಾಗಲೇ ಲೀಕ್ ಡಿಟೆಕ್ಟರನ್ನು ನೀರು ಹೊರಹೋಗುವ ಪೈಪಿನ ಬಾಯಿಗೆ ಹಿಡಿಯುತ್ತಾರೆ. ಈ ಪರೀಕ್ಷೆ ಮಾಡದೆ ಕಾಯಿಲ್ ಬದಲಿಸಿ ಎಂದರೆ ಒಪ್ಪಬೇಡಿ. ಕಾಯಿಲ್ಲಿನ ಬೆಲೆ ಒಂದು ಕಡೆ, ಅದಕ್ಕಾಗಿ ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿ ಇನ್ನೊಂದು ಕಡೆ.

ತುಂಬುವಾಗ ತೂಕ ಹಾಕಿ ತುಂಬಿ ಎಂದು ಕೇಳಿ. ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಒಟ್ಟು 400 ಗ್ರಾಂ ಹಿಡಿಯುವ ಸಣ್ಣ ಕಾರಿಗೆ 50 ಗ್ರಾಂ ಹೆಚ್ಚಾದರೂ ತಂಪು ಕೆಡುತ್ತದೆ. ನಿಂತ ಕಾರಿನ ಒತ್ತಡ ನೋಡಿ ‘ಗ್ಯಾಸ್ ಫುಲ್’ ಎನ್ನುವುದಂತೂ ಅರ್ಥವಿಲ್ಲದ್ದು. ಆರ್-134ಎ ಗ್ಯಾಸ್ 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್ಐ ತೋರಿಸುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ ಗ್ಯಾಸ್ ಅರ್ಧವಿದ್ದರೂ ಪೂರ್ತಿಯಿದ್ದರೂ ಅದೇ ಅಂಕಿ. ಎಸಿ ಓಡುವಾಗಿನ ಅಂಕಿ ಮಾತ್ರ ಏನಾದರೂ ಹೇಳುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ ಕಂಪ್ರೆಸರಿಗೆ ಗ್ಯಾಸ್ ಬರುವ ಲೋ ಸೈಡ್ 25ರಿಂದ 45 ಪಿಎಸ್ಐ, ಅದರಿಂದ ಹೊರಡುವ ಹೈ ಸೈಡ್ 150ರಿಂದ 250 ಸಾಮಾನ್ಯ. ಎರಡೂ ಕಮ್ಮಿ ಎಂದರೆ ಗ್ಯಾಸ್ ಕಮ್ಮಿ. ಎರಡೂ ಹೆಚ್ಚು ಎಂದರೆ ಗ್ಯಾಸ್ ಜಾಸ್ತಿ ಅಥವಾ ಕಂಡೆನ್ಸರಿಗೆ ಗಾಳಿ ಸಾಲದು. ಸಿಗ್ನಲ್ಲಿನಲ್ಲಿ ಬಿಸಿ, ಓಡುವಾಗ ತಂಪು ಎನ್ನುವವರು ರೇಡಿಯೇಟರ್ ಫ್ಯಾನ್ ಮೊದಲು ನೋಡಬೇಕು. ಲೋ ಹೆಚ್ಚು, ಹೈ ಕಮ್ಮಿ ಎಂದರೆ ಮಾತ್ರ ಕಂಪ್ರೆಸರ್ ಪ್ರಶ್ನೆ ಬರುತ್ತದೆ. ಅಲ್ಲೂ, ಕ್ಲಚ್ ಇಲ್ಲದೆ, ಗ್ಯಾಸ್ ಒತ್ತುವ ಪ್ರಮಾಣವನ್ನೇ ಹೆಚ್ಚು ಕಮ್ಮಿ ಮಾಡುವ ವೇರಿಯಬಲ್ ಕಂಪ್ರೆಸರ್ ಆಗಿದ್ದರೆ ಅದರ ಕಂಟ್ರೋಲ್ ವಾಲ್ವ್ ಕೆಟ್ಟರೂ ಹೀಗೇ ಆಗುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಆ ವಾಲ್ವ್ ಬಿಡಿಯಾಗಿ ಸಿಗುತ್ತದೆ.

ಲೀಕ್ ಮುಚ್ಚುವ ದ್ರಾವಣ ಬೆರೆಸಿದ ಕ್ಯಾನ್ ಬೇಡ. ಅದು ಗ್ಯಾಸ್ ಹಾಯುವ ಸಣ್ಣ ಕಿಂಡಿಯ ಎಕ್ಸ್‌ಪಾನ್ಶನ್ ವಾಲ್ವಿನಲ್ಲೂ ಗಟ್ಟಿಯಾಗುತ್ತದೆ, ಗ್ಯಾರೇಜಿನ ಮೆಶಿನ್ನನ್ನೂ ಕೆಡಿಸುತ್ತದೆ. ಅಡುಗೆ ಅನಿಲದ ಜಾತಿಯ ಅಗ್ಗದ ಗ್ಯಾಸ್ ಹಾಕಲು ಯಾರಾದರೂ ಮುಂದಾದರೆ ಅಲ್ಲಿಂದ ಹೊರಡಿ. ಅದು ಹೊತ್ತಿಕೊಳ್ಳುತ್ತದೆ, ಕೂಲಿಂಗ್ ಕಾಯಿಲ್ ಇರುವುದು ನೀವು ಕೂರುವ ಜಾಗದಲ್ಲಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟರೆ ಹಾವೇರಿ ದಾಟುವ ಹೊತ್ತಿಗೆ ವೆಂಟಿನಿಂದ ಗಾಳಿಯೇ ಬರುವುದಿಲ್ಲ, ಬ್ಲೋವರ್ ಸದ್ದು ಮಾತ್ರ. ಚಹಾಕ್ಕೆ ನಿಲ್ಲಿಸಿ ಹೊರಟರೆ ಮತ್ತೆ ಸರಿ. – ಓದುಗರು, ಹುಬ್ಬಳ್ಳಿ

ಉತ್ತರ: ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ನೀವು ಚಹಾ ಕುಡಿಯುವಾಗ ಅದು ಕರಗುತ್ತದೆ. ನಿಲ್ಲಿಸಿದ ಜಾಗದಲ್ಲಿ ಎಂದಿಗಿಂತ ಹೆಚ್ಚು ನೀರು ಸುರಿದಿದ್ದರೆ ಇದು ಖಚಿತ. ಕಾಯಿಲ್ ಹೆಪ್ಪುಗಟ್ಟುವ ಹಂತಕ್ಕೆ ಬರುವ ಮೊದಲೇ, ಸಾಮಾನ್ಯವಾಗಿ 1ರಿಂದ 4 ಡಿಗ್ರಿಯಲ್ಲಿ, ಕಂಪ್ರೆಸರ್ ನಿಲ್ಲಬೇಕು. ನಿಲ್ಲಿಸಲು ಹೇಳುವುದು ಕಾಯಿಲ್ಲಿನ ರೆಕ್ಕೆಗಳ ನಡುವೆ ಚುಚ್ಚಿಟ್ಟ ಸೆನ್ಸರ್. ಕಾಯಿಲ್ ಸರ್ವಿಸ್ ಮಾಡಿಸಿದ ಮೇಲೆ ತೊಂದರೆ ಬಂದಿದ್ದರೆ ಆ ಸೆನ್ಸರನ್ನು ಹಳೆಯ ಜಾಗದಲ್ಲಿ ಕೂರಿಸಿಲ್ಲ. ಗಾಳಿಯಲ್ಲಿ ನೇತಾಡುವ ಸೆನ್ಸರಿಗೆ ಕಾಯಿಲ್ಲಿನ ಚಳಿ ತಿಳಿಯುವುದಿಲ್ಲ. ಕ್ಯಾಬಿನ್ ಫಿಲ್ಟರ್ ಕಟ್ಟಿದ್ದರೂ ಹೀಗಾಗುತ್ತದೆ, ಗ್ಯಾಸ್ ಸ್ವಲ್ಪ ಕಮ್ಮಿಯಾದಾಗಲೂ ಆಗುತ್ತದೆ. ಫಿಲ್ಟರ್ ಬಿಚ್ಚಿ ನೋಡುವುದು ಅಗ್ಗದ ಕೆಲಸ, ಅದನ್ನೇ ಮೊದಲು ಮಾಡಿ. ರಿಪೇರಿ ಆಗುವವರೆಗೆ ‘ಲೋ’ ಬಿಟ್ಟು 24ಕ್ಕೆ ಇಡಿ, ಗಂಟೆಗೊಮ್ಮೆ ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸಿ.

ಪ್ರಶ್ನೆ: ಬ್ಲೋವರ್ ಯಾವಾಗಲೂ ಫುಲ್ ಸ್ಪೀಡ್. ಆಟೋ, ಮ್ಯಾನುಯಲ್ ಎರಡರಲ್ಲೂ ಇಳಿಯುವುದಿಲ್ಲ. – ಓದುಗರು, ದಾವಣಗೆರೆ

ಉತ್ತರ: ಬ್ಲೋವರ್ ಕಂಟ್ರೋಲ್ ಮಾಡ್ಯೂಲ್ ಒಳಗೇ ಶಾರ್ಟ್ ಆಗಿದೆ. ಮ್ಯಾನುಯಲ್ ಎಸಿಯಲ್ಲಿರುವ ರೆಸಿಸ್ಟರ್ ಬದಲು ಇಲ್ಲಿ ಟ್ರಾನ್ಸಿಸ್ಟರ್ ಇರುತ್ತದೆ, ಅದರ ಅಲ್ಯೂಮಿನಿಯಂ ಹೀಟ್‌ಸಿಂಕ್ ಬ್ಲೋವರ್ ಗಾಳಿಯ ದಾರಿಯಲ್ಲೇ ಕೂತು ತಣ್ಣಗಾಗುತ್ತದೆ. ಫಿಲ್ಟರ್ ಕಟ್ಟಿ ಗಾಳಿ ಕಮ್ಮಿಯಾದರೆ ಅದು ಕಾದು ಸಾಯುತ್ತದೆ. ಹೊಸದು ಹಾಕುವ ಮುಂಚೆ ಬ್ಲೋವರ್ ಮೋಟಾರನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ, ಕಿರಗುಟ್ಟಿದರೆ ಮೋಟಾರ್ ಹೆಚ್ಚು ಕರೆಂಟ್ ಎಳೆದು ಹೊಸ ಮಾಡ್ಯೂಲನ್ನೂ ಸುಡುತ್ತದೆ. ಮಾಡ್ಯೂಲಿನ ಪ್ಲಗ್ ಕರಗಿ ಕಂದುಬಣ್ಣಕ್ಕೆ ತಿರುಗಿದ್ದರೆ ಪ್ಲಗ್ಗೂ ಬದಲಾಗಬೇಕು. ಫಿಲ್ಟರ್ ಜಾಗದಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು, ಕೈ ಹಾಕುವ ಮುಂಚೆ ಒಮ್ಮೆ ಟಾರ್ಚ್ ಬೆಳಕು ಬಿಟ್ಟು ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ಗಾಜಿಗೆ ಮಂಜು. ಮಡಿಕೇರಿಯಲ್ಲಿ ಎಸಿ ಹಾಕಿದರೆ ಹೋಗುತ್ತದೆ, ಮಂಗಳೂರಿಗೆ ಇಳಿದರೆ ಎಸಿ ಹಾಕಿದಾಗಲೇ ಬರುತ್ತದೆ! ಆಟೋ ಕೆಟ್ಟಿದೆಯೇ? – ಓದುಗರು, ಮಡಿಕೇರಿ

ಉತ್ತರ: ಕೆಟ್ಟಿಲ್ಲ. ಮಡಿಕೇರಿಯಲ್ಲಿ ಮಂಜು ಗಾಜಿನ ಒಳಮೈಗೆ, ಮಂಗಳೂರಿನಲ್ಲಿ ಹೊರಮೈಗೆ. ಬೆರಳಿಂದ ಒರೆಸಿ ನೋಡಿದರೆ ತಿಳಿಯುತ್ತದೆ. ಒಳಗಿನದು ನಿಮ್ಮ ಉಸಿರು, ಒದ್ದೆ ಬಟ್ಟೆಯ ತೇವ. ಮುಂದಿನ ಡಿಫ್ರಾಸ್ಟ್ ಬಟನ್ ಒತ್ತಿದರೆ ಹೆಚ್ಚಿನ ಕಾರುಗಳು ಎಸಿ ಆನ್ ಮಾಡಿ, ಹೊರಗಾಳಿ ಒಳಗೆ ಬಿಡುತ್ತವೆ. ಎಸಿ ಗಾಳಿಯನ್ನು ಒಣಗಿಸುತ್ತದೆ, ಚಳಿಯಾದರೆ 26ಕ್ಕೆ ಏರಿಸಿ, ಎಸಿ ಮಾತ್ರ ಆಫ್ ಮಾಡಬೇಡಿ. ಕಡಲತೀರದಲ್ಲಿ ಹೊರಗಿನ ಗಾಳಿ ಬಿಸಿ ಮತ್ತು ಒದ್ದೆ, ಎಸಿ ಗಾಜನ್ನು ತಣ್ಣಗೆ ಮಾಡಿದೆ. ಅಲ್ಲಿ ವೈಪರ್ ಹಾಕಿ, ಎರಡು ಮೂರು ಡಿಗ್ರಿ ಏರಿಸಿ, ಗಾಳಿಯನ್ನು ಗಾಜಿನಿಂದ ಮುಖದ ವೆಂಟಿಗೆ ತಿರುಗಿಸಿ.

ಡಿಫ್ರಾಸ್ಟ್ ಒತ್ತಿದರೂ ಒಳಗಿನ ಮಂಜು ಹೋಗದಿದ್ದರೆ ರೀಸರ್ಕ್ಯುಲೇಶನ್ ಫ್ಲಾಪ್ ಅಂಟಿಕೊಂಡಿದೆ. ಬ್ಲೋವರ್ ಜೋರಾಗಿಟ್ಟು ಆ ಬಟನ್ ಒತ್ತಿ ಬಿಡಿ. ಒಳಗಾಳಿಗೆ ಬದಲಾದಾಗ ಸದ್ದು ಹೆಚ್ಚಾಗಬೇಕು. ಸದ್ದು ಬದಲಾಗದಿದ್ದರೆ ಫ್ಲಾಪ್ ತಿರುಗುತ್ತಿಲ್ಲ.

ಪ್ರಶ್ನೆ: ಬಿಸಿಲಲ್ಲಿ ನಿಂತ ಕಾರಿಗೆ ‘ಲೋ’ ಇಟ್ಟರೆ ಬೇಗ ತಂಪಾಗುತ್ತದೆಯೇ? – ಓದುಗರು, ರಾಯಚೂರು

ಉತ್ತರ: ಇಲ್ಲ. ಕ್ಯಾಬಿನ್ 50 ಡಿಗ್ರಿ ಇದ್ದಾಗ ನೀವು 24 ಇಟ್ಟರೂ ಆಟೋ ಪೂರ್ತಿ ತಂಪು, ಪೂರ್ತಿ ಬ್ಲೋವರ್ ಕೊಟ್ಟೇ ಶುರುಮಾಡುತ್ತದೆ. ಒಂದು ನಿಮಿಷ ಕಿಟಕಿ ಇಳಿಸಿ ಬಿಸಿ ಗಾಳಿ ಹೊರಗೆ ಬಿಡಿ, ಆಮೇಲೆ ರೀಸರ್ಕ್ಯುಲೇಶನ್ ಹಾಕಿ. ಅದೇ ಬೇಗ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಂಡಿದ್ದೇವೆ. ಎಸಿ ಗ್ಯಾಸನ್ನು ಹಳೆಯ ಗ್ಯಾರೇಜಿನಲ್ಲೇ ತುಂಬಿಸಬಹುದೇ? – ಓದುಗರು, ಬೆಂಗಳೂರು

ಉತ್ತರ: ಅವರ ಬಳಿ ಎಲೆಕ್ಟ್ರಿಕ್ ಕಂಪ್ರೆಸರಿಗೆ ಬೇಕಾದ ಪಿಒಇ ಎಣ್ಣೆ ಮತ್ತು ಅದಕ್ಕೇ ಮೀಸಲಾದ ಹೋಸುಗಳು ಇಲ್ಲದಿದ್ದರೆ ಬೇಡ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಶನ್ ಹಾಳಾಗಿ ಹೈ ವೋಲ್ಟೇಜ್ ಸೋರಿಕೆಯ ದೋಷ ಬರುತ್ತದೆ, ಕಾರು ಹೊರಡುವುದನ್ನೇ ನಿಲ್ಲಿಸಬಹುದು. ಅನೇಕ ಮಾಡೆಲ್‌ಗಳಲ್ಲಿ ಬ್ಯಾಟರಿ ತಂಪಾಗುವುದೂ ಇದೇ ಗ್ಯಾಸಿನಿಂದ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಯಾರೂ ಮುಟ್ಟಬಾರದು.

ಪ್ರಶ್ನೆ: ಎಡಗಡೆ ಕಾಲಿಡುವ ಜಾಗದ ಕಾರ್ಪೆಟ್ ಸದಾ ಒದ್ದೆ. ಮಳೆ ನೀರೋ, ಎಸಿ ನೀರೋ? – ಓದುಗರು, ಶಿವಮೊಗ್ಗ

ಉತ್ತರ: ಮಳೆ ಇಲ್ಲದ ದಿನ ಎಸಿ ಹದಿನೈದು ನಿಮಿಷ ಓಡಿಸಿ ಕಾರಿನ ಕೆಳಗೆ ನೋಡಿ. ನೀರು ತೊಟ್ಟಿಕ್ಕದೆ ಕಾರ್ಪೆಟ್ ಮಾತ್ರ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿದೆ. ಕೆಳಗಿನಿಂದ ಮೆದುವಾದ ನೈಲಾನ್ ದಾರ ತೂರಿಸಿ ಬಿಡಿಸಿ. ಗಟ್ಟಿ ತಂತಿ ಹಾಕಿದರೆ ಕೂಲಿಂಗ್ ಕಾಯಿಲ್ಲಿಗೆ ತೂತು ಬೀಳಬಹುದು. ಕಾರ್ಪೆಟ್ ಒತ್ತಿದಾಗ ಕೈಗೆ ಅಂಟು ಅಂಟಾಗಿ, ಸಿಹಿ ವಾಸನೆಯ ಬಣ್ಣದ ನೀರು ಬಂದರೆ, ಗಾಜಿನ ಒಳಗೆ ಜಿಡ್ಡಿನ ಪದರವೂ ಕಟ್ಟುತ್ತಿದ್ದರೆ ಅದು ಎಸಿ ನೀರಲ್ಲ, ಹೀಟರ್ ಕೋರಿನಿಂದ ಸೋರುವ ಕೂಲೆಂಟ್. ಅದು ವಿಷ, ಮಕ್ಕಳನ್ನು, ನಾಯಿಯನ್ನು ಆ ಜಾಗದಿಂದ ದೂರ ಇಡಿ. ಕೂಲೆಂಟ್ ಟ್ಯಾಂಕಿನ ಮಟ್ಟ ಇಂದೇ ನೋಡಿ, ಕಮ್ಮಿಯಿದ್ದರೆ ಗಾಡಿಯನ್ನು ದೂರದ ಪ್ರಯಾಣಕ್ಕೆ ತೆಗೆಯಬೇಡಿ.